ಕುಕ್ಕರಗಾಲಲ್ಲಿ ಕೂತ ಕಾರು

ನಮ್ಮ ಚಿಕ್ಕಪ್ಪನ ಕಾರಿಗೆ ಬೇರೆ ಕಾರುಗಳಿಗಿಲ್ಲದ ಒಂದು ಗುಣವಿತ್ತು. ಹಿಂದಿನ ಸೀಟಿನಲ್ಲಿ ಯಾರಾದರೂ ಕೂತರೆ ಮೊದಲು ಎಲ್ಲ ಕಾರುಗಳಂತೆ ಹಿಂಭಾಗ ತಗ್ಗುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಡಿಕ್ಕಿಯೊಳಗೆ ಗುರ್ರ್ ಎಂದು ಸದ್ದು ಮಾಡಿ, ನಿಧಾನವಾಗಿ ಎದ್ದು ಮತ್ತೆ ಮಟ್ಟಸವಾಗಿ ನಿಲ್ಲುತ್ತಿತ್ತು. ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಹಿಂದಿನ ಚಕ್ರಗಳ ಹತ್ತಿರ ರಬ್ಬರಿನ ಗಾಳಿಚೀಲಗಳಿವೆ. ಕಾರು ಎಷ್ಟು ತಗ್ಗಿದೆ ಎಂದು ಅಳೆಯುವ ಪುಟ್ಟ ಕಡ್ಡಿಯೊಂದು ಅಡಿಯಲ್ಲಿದೆ. ಅದು ಸುದ್ದಿ ಕೊಟ್ಟರೆ ಡಿಕ್ಕಿಯಲ್ಲಿರುವ ಕಂಪ್ರೆಸರಿಗೆ ಕರೆಂಟು ಹೋಗಿ, ಚೀಲಗಳಿಗೆ ಗಾಳಿ ತುಂಬುತ್ತದೆ. ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಇದನ್ನು ಇಷ್ಟು ಸುಲಭವಾಗಿ ಹೇಳಬಲ್ಲೆ. ಚಿಕ್ಕಪ್ಪನಿಗೆ ಮಾತ್ರ ಅದು ವಿಜ್ಞಾನವಾಗಿರಲಿಲ್ಲ, ಮರ್ಯಾದೆಯ ವಿಷಯವಾಗಿತ್ತು.

"ನಮ್ ಗಾಡಿ ಒಳಿಕ್ ಬಂದೋರ್ಗೆ ಎದ್ದು ನಿಲ್ತದೆ ಕಣಮ್ಮಿ. ಈಗಿನ್ ಕಾಲ್ದಲ್ಲಿ ಯಾವನ್ ಎದ್ದು ನಿಲ್ತಾನೆ ಏಳು?" ಅನ್ನುತ್ತಿದ್ದರು.

ಕಾಫಿ ತೋಟದ ಯಜಮಾನರೊಬ್ಬರಿಂದ ಕೊಂಡ ಹಳೆಯ ವಿದೇಶಿ ಕಾರು ಅದು. ಹೊಳೆನರಸೀಪುರದ ಹೊರಗೆ, ತೆಂಗಿನ ಮರಗಳ ನಡುವೆ ಚಿಕ್ಕಪ್ಪನ ಮನೆ; ಮನೆಯ ಪಕ್ಕಕ್ಕೆ ಕಾರಿಗೊಂದು ಶೆಡ್ಡು. ಬೀಗರು ಬಂದರೆ ಕಾಫಿಗಿಂತ ಮೊದಲು ಕಾರಿನ ಪ್ರದರ್ಶನ. ಅವರಲ್ಲಿ ತೂಕದವರನ್ನು ಆರಿಸಿ ಹಿಂದಿನ ಸೀಟಿನಲ್ಲಿ ಕೂರಿಸಿ, ಉಳಿದವರನ್ನು ಹೊರಗೆ ನಿಲ್ಲಿಸಿ, "ನೋಡ್ತಿರಿ ಈಗ" ಎನ್ನುತ್ತಿದ್ದರು. ಒಮ್ಮೆ ಚನ್ನರಾಯಪಟ್ಟಣದ ಬೀಗಿತಿಯೊಬ್ಬರು ಕೂತಾಗ ಕಂಪ್ರೆಸರ್ ಎಷ್ಟು ಹೊತ್ತಾದರೂ ಸದ್ದು ನಿಲ್ಲಿಸಲಿಲ್ಲ. ಹೊರಗೆ ನಿಂತವರು ನಗು ತಡೆದುಕೊಳ್ಳಲು ಪಟ್ಟ ಪಾಡು ನನಗೆ ಇನ್ನೂ ನೆನಪಿದೆ. ಆ ಬೀಗಿತಿ ಮತ್ತೆ ನಮ್ಮ ಮನೆಗೆ ಬಂದದ್ದು, ಕಾರು ಕಳಿಸುತ್ತೇವೆಂದರೂ ಒಪ್ಪದೆ, ಬಸ್ಸಿನಲ್ಲಿ.

ನಾನು ಕಾರು ಓಡಿಸಲು ಕಲಿತದ್ದೂ ಅದರಲ್ಲೇ. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡಿದ್ದರಿಂದ ನಾನು ಬೆಳೆದದ್ದು ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ. ಗೊರೂರಿನ ನೀರಾವರಿ ಕ್ವಾರ್ಟರ್ಸಿನ ರಸ್ತೆಗಳು ಖಾಲಿ ಇರುತ್ತವೆಂದು ಅಲ್ಲಿಗೆ ಕರೆದುಕೊಂಡು ಹೋಗಿ ಕಲಿಸಿದರು. ನಾನು ಸ್ಟಿಯರಿಂಗ್ ಹಿಂದೆ, ಅವರು ನನ್ನ ಎಡಕ್ಕೆ. ಪಾಠ ಹೇಳುವ ವಿಧಾನ ಬಹಳ ಸರಳ. ಗೇರು ಕಿರ್ರೆಂದರೆ ಅವರ ಬಲಗೈ ಎದ್ದು ನನ್ನ ಎಡಗೈ ಮೇಲೆ ಪಟ್ಟೆಂದು ಬೀಳುತ್ತಿತ್ತು. ಮಾತಿಲ್ಲ, ವಿವರಣೆಯಿಲ್ಲ. ಗೇರು ಹಾಕುವುದನ್ನು ನಾನು ಬಹಳ ಬೇಗ ಕಲಿತೆ.

ಹೋದ ವರ್ಷ ಆ ಬಲಗೈ ಬಿದ್ದುಹೋಯಿತು. ಬೆಳಗ್ಗೆ ಮುಖ ತೊಳೆಯುವಾಗ ತಂಬಿಗೆ ಕೈಯಿಂದ ಜಾರಿತು, ಹಿಂದೆಯೇ ಅವರೂ ಕುಸಿದರು. ಲಕ್ವ ಎಂದರು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕಾಲು ಕೋಲೂರಿ ನಡೆಯುವಷ್ಟಾಗಿತ್ತು, ಬಾಯಂತೂ ಮೊದಲಿಗಿಂತ ಜೋರಾಗಿತ್ತು. ಬಲಗೈ ಮಾತ್ರ ಮಡಿಲಲ್ಲಿ ಯಾರದೋ ಕೈಯಂತೆ ಬಿದ್ದಿರುತ್ತಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಈ ಕೆಲವು ತಿಂಗಳು ಬೆರಳುಗಳಿಗೆ ಕೆಲಸ ಕೊಟ್ಟರೆ ಕೈ ಬಂದೀತು, ಬಿಟ್ಟರೆ ಹಾಗೇ ಸೆಟೆದುಕೊಳ್ಳುತ್ತದೆ ಎಂದರು. ವಾರವಾರ ಹಾಸನಕ್ಕೆ ಫಿಸಿಯೋಥೆರಪಿಗೆ ಬರಬೇಕು. ಮನೆಯಲ್ಲೂ ದಿನಾ ಗೋಲಿಗಳನ್ನು ಹೆಬ್ಬೆರಳು ತೋರುಬೆರಳಲ್ಲಿ ಎತ್ತಿ ಬಟ್ಟಲಿಗೆ ಹಾಕಬೇಕು. ಗೋಲಿಗಳನ್ನು ಅವರೇ ಕೊಟ್ಟು ಕಳಿಸಿದರು.

ಮನೆಗೆ ಬಂದ ದಿನವೇ ಚಿಕ್ಕಪ್ಪ ಗೋಲಿಗಳನ್ನು ಎಡಗೈಯಲ್ಲಿ ಬಾಚಿ ಚಿಕ್ಕಮ್ಮನ ಕೈಗೆ ಕೊಟ್ಟರು. "ಯಾವ್ದಾರ ಮಗೀಗೆ ಕೊಡು. ನಾನು ಗೋಲಿ ಆಡೋ ವಯಸ್ಸು ಮುಗುದದೆ." ಹಾಸನಕ್ಕೆ ಬರಲು ಒಪ್ಪಿದರು, ಆದರೆ ತಮ್ಮ ಕಾರಿನಲ್ಲಿ ಮಾತ್ರ. ನನ್ನ ಪುಟ್ಟ ಕಾರನ್ನು ಅವರು ಯಾವತ್ತೂ ಕಾರು ಎಂದು ಒಪ್ಪಿಕೊಂಡವರಲ್ಲ. ಬಾಡಿಗೆ ಕಾರೆಂದರೆ, "ಹೆಣ ಸಾಗ್ಸಕ್ ಕರೀರಿ ಅದ್ನ" ಎಂದರು. ಸರಿ, ನಿಮ್ಮ ಕಾರೇ ಆಗಲಿ, ನಾನೇ ಓಡಿಸುತ್ತೇನೆ ಎಂದು ಶೆಡ್ಡಿಗೆ ಹೋಗಿ ನೋಡಿದರೆ, ಕಾರು ಹಿಂದಿನ ಚಕ್ರಗಳ ಮೇಲೆ ಕುಕ್ಕರಗಾಲಲ್ಲಿ ಕೂತಿತ್ತು. ಸ್ಟಾರ್ಟ್ ಮಾಡಿದರೆ ಇಂಜಿನ್ ಸರಿಯಾಗಿಯೇ ಓಡುತ್ತದೆ, ಡಿಕ್ಕಿಯಲ್ಲಿ ಗುರ್ರ್ ಇಲ್ಲ. ಹಾಗೇ ಓಡಿಸಿದರೆ ಟೈರು ಮೇಲಿನ ತಗಡಿಗೆ ಉಜ್ಜುತ್ತದೆ. ಉಜ್ಜದಿದ್ದರೂ ಅಷ್ಟೇ.

"ತಿಕ ಊರ್ಕಂಡಿರೋ ಗಾಡೀಲಿ ಆಸನದ್ ಬಸ್‌ಸ್ಟ್ಯಾಂಡ್ ಮುಂದೆ ನಾ ಓಗಕಿಲ್ಲ" ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು.

ಕಾರಿನ ಹಿಂಭಾಗ ಏಳದೆ ಅವರ ಕೈ ಏಳುವಂತಿರಲಿಲ್ಲ. ನಾನು ಎಲೆಕ್ಟ್ರಿಷಿಯನ್ನರ ಹಿಂದೆ ಬಿದ್ದೆ.

ಮೊದಲು ಬಂದವನು ಹಾಸನದವನು. ಶೆಡ್ಡಿನಲ್ಲಿ ಚಿಕ್ಕಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಅವನು ಅವರ ಕಡೆ ನೋಡಿಕೊಂಡು ಉತ್ತರ ಕೊಟ್ಟ. ಗಂಡಸೊಬ್ಬ ಕಣ್ಣಿಗೆ ಕಾಣುತ್ತಿರುವಾಗ ಹೆಂಗಸಿಗೆ ಕರೆಂಟಿನ ವಿಷಯ ಹೇಳಲು ಅವನಿಗೆ ಮುಜುಗರವಾಗುತ್ತಿತ್ತೆಂದು ಕಾಣುತ್ತದೆ. ಎಡಗಡೆ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನ ಕೆಳಗೆ ಫ್ಯೂಸ್ ಡಬ್ಬಿ. ಮುಚ್ಚಳ ತೆಗೆದು ಟಾರ್ಚು ಬಿಟ್ಟು, "ಯಾರಾರ ಕೈ ಇಕ್ಕಿದ್ರಾ ಸಾ?" ಎಂದು ಕೇಳಿದ.

ಚಿಕ್ಕಪ್ಪ ತೆಂಗಿನ ಮರದ ತುದಿ ನೋಡುತ್ತಿದ್ದರು. ನಾನೇ, "ಇಲ್ಲಪ್ಪ, ಯಾರೂ ಮುಟ್ಟಿಲ್ಲ" ಎಂದೆ.

ಕಂಪ್ರೆಸರಿನ ಜಾಗದಲ್ಲಿ ರೇಡಿಯೋಗೆ ಹಾಕುವಂಥ ಸಣ್ಣ ಫ್ಯೂಸ್ ಇತ್ತು, ಸುಟ್ಟಿತ್ತು. ದೊಡ್ಡದು ಹಾಕಿದ. ಡಿಕ್ಕಿ ಗುರ್ರೆಂದಿತು, ಕಾರು ಎದ್ದು ನಿಂತಿತು. ಇದನ್ನು ಮಾಡಿದವನು ಹಳೆಯ ಮಾಲೀಕನ ಡ್ರೈವರೇ ಇರಬೇಕೆಂದು ನಾವೆಲ್ಲ ಸೇರಿ ತೀರ್ಮಾನಿಸಿದೆವು. ಇಷ್ಟು ವರ್ಷ ಅದೇ ಸಣ್ಣ ಫ್ಯೂಸಿನಲ್ಲಿ ಬೀಗಿತಿಯವರ ತೂಕವನ್ನು ಕಾರು ಹೇಗೆ ಎತ್ತಿತು ಎಂದು ಭೌತಶಾಸ್ತ್ರದ ಮೇಡಂ ಕೂಡ ಯೋಚಿಸಲಿಲ್ಲ. ಹೊರಡುವಾಗ ಅವನು, "ಮತ್ತೆ ತೊಂದ್ರೆ ಬಂದ್ರೆ ಫ್ಯೂಸೇ ಬ್ಯಾಡ ಸಾ, ಡೈರೆಕ್ಟ್ ಕೊಟ್ಬುಡ್ತೀನಿ" ಎಂದ. ನಮ್ಮ ಜಿಲ್ಲೆಯ ಅರ್ಧ ಪಂಪ್‌ಸೆಟ್ಟುಗಳು ಓಡುತ್ತಿರುವುದು ಈ ಡೈರೆಕ್ಟ್ ವಿದ್ಯೆಯ ಮೇಲೆ, ಉಳಿದರ್ಧ ಸುಟ್ಟಿರುವುದೂ ಅದರಿಂದಲೇ. ಬೇಡ ಎಂದು ಕೈ ಮುಗಿದೆ.

ಆ ವಾರ ಹಾಸನಕ್ಕೆ ಹೋಗಿಬಂದೆವು. ಫಿಸಿಯೋಥೆರಪಿಯ ಹುಡುಗಿ ಟೇಬಲ್ಲಿನ ಮೇಲೆ ಗೋಲಿ ಹರಡಿದಳು. ಚಿಕ್ಕಪ್ಪ ಆ ಗೋಲಿಗಳನ್ನೂ, ಬಾಗಿಲಲ್ಲಿ ಸಾಲಾಗಿ ಕೂತು ತಮ್ಮನ್ನೇ ನೋಡುತ್ತಿದ್ದ ಜನರನ್ನೂ ನೋಡಿ, ಕೈಯನ್ನು ಮಡಿಲಿನಿಂದ ಎತ್ತಲೇ ಇಲ್ಲ. "ಪ್ರಯತ್ನ ಮಾಡಿ ಅಜ್ಜ" ಎಂದಳು. ಅಜ್ಜ ಎಂದದ್ದು ತಪ್ಪಾಯಿತು. ಅವರು ಕೋಲು ಎತ್ತಿಕೊಂಡು ಕಾರಿನ ಕಡೆ ನಡೆದರು.

ಮುಂದಿನ ವಾರ ಕಾರು ಮತ್ತೆ ಕೂತಿತ್ತು. ಈ ಸಲ ಹಾರ್ನೂ ಇಲ್ಲ. ಚನ್ನರಾಯಪಟ್ಟಣದಿಂದ ಲಾರಿಗಳ ವೈರಿಂಗ್ ಮಾಡುವವನನ್ನು ಕರೆಸಿದೆ. ಅವನು ಡಬ್ಬಿ ತೆಗೆದವನೇ ನಕ್ಕ. "ಫ್ಯೂಸು ಸಡ್ಲ ಮೇಡಂ. ಆಸನದೋರ್ ಕೆಲ್ಸ ಎಲ್ಲಾ ಇಂಗೇಯ, ಅವಸ್ರ." ಒತ್ತಿ ಕೂರಿಸಿದ; ಕಾರು ಎದ್ದಿತು. ಹಾರ್ನಿನ ಫ್ಯೂಸ್ ಸೀಟಿನ ಮುಂದಿನ ಮ್ಯಾಟಿನ ಮೇಲೆ ಬಿದ್ದಿತ್ತು. ಅದನ್ನು ಬೆರಳಲ್ಲಿ ಹಿಡಿದು, "ಇದೆಂಗ್ ಕೆಳಿಕ್ ಬಂತು? ಯಾರಾರ ಕೈ ಇಕ್ಕಿದ್ರಾ?" ಎಂದ.

"ಇಲ್ಲ" ಎಂದೆ ನಾನು.

"ಗುಂಡಿಗ್ ಬಿದ್ದಾಗ ಕಳಚ್ಕಂಡಿರ್ತದೆ. ರಸ್ತೆ ಅಂಗವೆ" ಎಂದರು ಚಿಕ್ಕಪ್ಪ, ಯಾರಿಗೂ ಅಲ್ಲ, ಗಾಳಿಗೆ. ರಸ್ತೆಯ ಮೇಲೆ ತಪ್ಪು ಹೊರಿಸಿದರೆ ನಮ್ಮಲ್ಲಿ ಎದುರಾಡುವವರಿಲ್ಲ. ಚನ್ನರಾಯಪಟ್ಟಣದವನೂ ತಲೆಯಾಡಿಸಿದ.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಯಜಮಾನನನ್ನು ಎದುರಿಗೆ ನಿಂತು "ನೀವು ಮುಟ್ಟಿದಿರಾ, ನೀವು ಮಾಡಿದಿರಾ" ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಲೇಬೇಕಾದರೆ ಗೋಡೆಯನ್ನು ಕೇಳಬೇಕು, ಇಲ್ಲವೇ ಕೊಟ್ಟಿಗೆಯ ಎಮ್ಮೆಯನ್ನು. ಅವರು ಕೇಳಿಸಿಕೊಂಡು, ಮನಸ್ಸಾದರೆ ಗಾಳಿಗೆ ಉತ್ತರ ಕೊಡುತ್ತಾರೆ. ಚಿಕ್ಕಮ್ಮ ಇಡೀ ಸಂಸಾರವನ್ನು ನಡೆಸಿದ್ದು ಆ ಎಮ್ಮೆಯ ಮೂಲಕ. ಕಾಲೇಜಿನಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿ, ಅನುಮಾನ ಪಡಿ ಎಂದು ಉಪದೇಶ ಮಾಡುವ ನಾನೂ ಆ ಹೊಸಿಲು ದಾಟಿದ ಕೂಡಲೇ ಎಮ್ಮೆಯ ಕಡೆ ತಿರುಗುತ್ತೇನೆ.

ಮೂರನೆಯವನು ಅರಕಲಗೂಡಿನವನು, ಟ್ರ್ಯಾಕ್ಟರುಗಳ ಎಲೆಕ್ಟ್ರಿಷಿಯನ್. ಅಷ್ಟರಲ್ಲಿ ಕಾರು ಮತ್ತೆ ಕೂತು, ಈ ಸಲ ವೈಪರ್ ನಿಂತಿತ್ತು. ಅವನು ಫ್ಯೂಸ್ ಡಬ್ಬಿಯನ್ನು ಮುಟ್ಟಲೂ ಇಲ್ಲ. ಗೋಣಿಚೀಲ ಹಾಸಿಕೊಂಡು ಅಡಿಗೆ ನುಸುಳಿದವನು, ಒಳಗಿನಿಂದಲೇ, "ಸಿಕ್ತು ಕಣಕ್ಕೋ!" ಎಂದು ಕೂಗಿದ. ಎತ್ತರ ಅಳೆಯುವ ಕಡ್ಡಿಗೆ ಯಾರೋ ಕರೀ ದಾರ ಕಟ್ಟಿದ್ದರು. ದೃಷ್ಟಿಯ ದಾರ.

ಎಲ್ಲರೂ ಚಿಕ್ಕಮ್ಮನ ಕಡೆ ನೋಡಿದೆವು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಗಾಡಿಗಲ್ಲ ಕಣವ್ವ ನಾ ಕಟ್ಟಿದ್ದು. ಇವ್ರ ತೋಳಿಗ್ ಕಟ್ಟೋಕ್ ಓದೆ, ಕಿತ್ ಬಿಸಾಕುದ್ರು. ಅದುಕ್ಕೆ ಇವ್ರ ಗಾಡಿಗಾರ ಇರ್ಲಿ ಅಂತ…"

ಅರಕಲಗೂಡಿನವನು ದಾರ ಕತ್ತರಿಸಿ, ಬಾಗಿಲನ್ನು ಧಡಾರನೆ ಹಾಕಿ, ಸ್ಟಾರ್ಟ್ ಮಾಡಿದ. ಕಾರು ಎದ್ದಿತು! ಮೂರು ತಾಲ್ಲೂಕಿನ ತಲೆಗಳು ತಿಣುಕಿದ್ದು ಒಂದು ದಾರಕ್ಕೆ ಎಂದು ಚಿಕ್ಕಪ್ಪ ದಿನವಿಡೀ ನಕ್ಕರು. ನಾನೂ ನಕ್ಕು, ಚಿಕ್ಕಮ್ಮನಿಗೆ ವಿಜ್ಞಾನದ ಮೇಲೆ ಸಣ್ಣ ಭಾಷಣ ಮಾಡಿದೆ. ಆ ದಾರ ಜೋಲಾಡುವಷ್ಟು ಸಡಿಲವಾಗಿತ್ತು, ಕಡ್ಡಿಯನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ, ಸಡಿಲವಾಗಿದ್ದ ಯಾವುದೋ ಫ್ಯೂಸು ಬಾಗಿಲು ಬಡಿದ ರಭಸಕ್ಕೆ ಕೂತಿತ್ತು ಅಷ್ಟೇ ಎಂಬುದು ಆಮೇಲೆ ಹೊಳೆಯಿತು. ಹೊಳೆಯುವ ಹೊತ್ತಿಗೆ ಕಾರು ಮತ್ತೆ ಕೂತಿತ್ತು. "ದಾರ ಕತ್ತರಿಸುದ್ಕೇ ಇಂಗಾಗಿದ್ದು" ಎಂದು ಚಿಕ್ಕಮ್ಮ ಎಮ್ಮೆಗೆ ಹೇಳಿದರು.

ನನಗೆ ಈಗ ಭಯ ಹತ್ತಿತು. ವಾರಗಳು ಕಳೆಯುತ್ತಿದ್ದವು. ಡಾಕ್ಟರು ಹೇಳಿದ ಕಾಲ ಮುಗಿಯುತ್ತ ಬಂದಿತ್ತು, ಮತ್ತು ನಾನು ಒಂದು ಹಳೇ ಕಾರಿನ ಹಿಂಭಾಗ ನೋಡಿಕೊಂಡು ನಿಂತಿದ್ದೆ. ಯಾರನ್ನೂ ಕರೆಯುವುದು ಬೇಡ ಎಂದು ಕರೆಂಟು ಅಳೆಯುವ ಮಲ್ಟಿಮೀಟರ್ ಹಿಡಿದು ನಾನೇ ಕೂತೆ. ಫ್ಯೂಸುಗಳನ್ನು ಸರಿಯಾಗಿ ಒತ್ತಿ ಕೂರಿಸಿ ಅಳೆದರೆ, ಬ್ಯಾಟರಿಯಿಂದ ಡಬ್ಬಿಗೆ, ಡಬ್ಬಿಯಿಂದ ಡಿಕ್ಕಿಯಲ್ಲಿರುವ ರಿಲೇ ಎಂಬ ಸ್ವಿಚ್ಚಿಗೆ, ಅಲ್ಲಿಂದ ಕಂಪ್ರೆಸರಿಗೆ, ಎಲ್ಲ ಕಡೆ ಕರೆಂಟು ಸರಿಯಾಗಿ ಹೋಗುತ್ತಿತ್ತು. ವೈರುಗಳು ಆರೋಗ್ಯವಾಗಿದ್ದವು. ತಪ್ಪು ಪ್ರತಿ ಸಲವೂ ಡಬ್ಬಿಯಲ್ಲೇ, ಪ್ರತಿ ಸಲವೂ ಬೇರೆ ಜಾಗದಲ್ಲಿ. ಹಾಗಾಗಿ ಮದುವೆಯೊಂದಕ್ಕೆ ಕೊಂಡು ಮೂಲೆಗಿಟ್ಟಿದ್ದ ಉಗುರುಬಣ್ಣದ ಬಾಟಲಿ ತಂದು, ಒಂದೊಂದು ಫ್ಯೂಸಿಗೂ ಅದು ಕೂರುವ ಮನೆಗೂ ಹೊಂದುವಂತೆ ಚುಕ್ಕೆ, ಗೆರೆ, ಸೊನ್ನೆ ಇಟ್ಟೆ.

ಚಿಕ್ಕಪ್ಪ ಕುರ್ಚಿಯಿಂದ ನೋಡುತ್ತಿದ್ದರು. "ಏನಮ್ಮಿ, ಕಾರ್‌ಗೆ ಮದ್ವೆ ಮಾಡ್ತಿದ್ದೀಯಾ?"

ಮುಂದಿನ ಭಾನುವಾರ ಮುಚ್ಚಳ ತೆಗೆದರೆ ಚುಕ್ಕೆಯ ಮನೆಯಲ್ಲಿ ಸೊನ್ನೆ, ಗೆರೆಯ ಮನೆಯಲ್ಲಿ ಚುಕ್ಕೆ. ಇಲಿ ವೈರನ್ನು ಕಡಿದೀತು, ಫ್ಯೂಸುಗಳನ್ನು ಮನೆ ಬದಲಾಯಿಸಲಾರದು. ಹಾಲು ಕರೆಯಲು ಬರುವವನ ಮೇಲೆ, ಕಾಯಿ ಕೀಳುವವನ ಮೇಲೆ, ಕೊನೆಗೆ ಹಾಸನದ ಎಲೆಕ್ಟ್ರಿಷಿಯನ್ ಕದ್ದು ಬರುತ್ತಿರಬಹುದೇ ಎಂದು ಅವನ ಮೇಲೆ ಕೂಡ ಅನುಮಾನ ಪಟ್ಟೆ. ದಿನವಿಡೀ ಆ ಶೆಡ್ಡಿನಲ್ಲೇ ಕೂತಿರುತ್ತಿದ್ದ ಒಬ್ಬರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಬಲಗೈಯಲ್ಲಿ ಲೋಟವನ್ನೂ ಹಿಡಿಯಲಾರರು, ಊಟವನ್ನು ಚಿಕ್ಕಮ್ಮ ಕಲಸಿ ತುತ್ತು ಮಾಡಿಕೊಡುತ್ತಾರೆ ಎಂಬುದು ಒಂದು ಕಾರಣ. ಅವರು ಯಜಮಾನರು ಎಂಬುದು ಇನ್ನೊಂದು.

ಒಂದು ದಿನ ಕಾಲೇಜು ಬೇಗ ಮುಗಿಯಿತು. ಹೇಳದೆ ಕೇಳದೆ ಮಧ್ಯಾಹ್ನ ಹೊಳೆನರಸೀಪುರಕ್ಕೆ ಬಂದೆ. ಚಿಕ್ಕಮ್ಮ ಪಡಸಾಲೆಯಲ್ಲಿ ಮಲಗಿ ನಿದ್ದೆ ಹೋಗಿದ್ದರು. ಶೆಡ್ಡಿನಲ್ಲಿ ಕುರ್ಚಿ ಖಾಲಿಯಿತ್ತು, ಕಾರಿನ ಎಡಬಾಗಿಲು ತೆರೆದಿತ್ತು.

ಚಿಕ್ಕಪ್ಪ ಸೀಟಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. ತೊಡೆಯ ಮೇಲೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ನನ್ನ ಉಗುರುಬಣ್ಣ ಹಚ್ಚಿದ ಫ್ಯೂಸುಗಳು. ಎಡಗೈ ನಡುವೆ ಬಾಯಿ ಹಾಕಬಾರದೆಂದು ಅದನ್ನು ತೊಡೆಯ ಕೆಳಗೆ ಒತ್ತಿ ಕೂತುಬಿಟ್ಟಿದ್ದರು. ಬಲಗೈ ನಡುಗುತ್ತಾ ತಟ್ಟೆಗೆ ಇಳಿಯಿತು. ಹೆಬ್ಬೆರಳೂ ತೋರುಬೆರಳೂ ಒಂದು ಫ್ಯೂಸನ್ನು ಹುಡುಕಿದವು, ಹಿಡಿದವು, ಬಿಟ್ಟವು. "ಥೂ ನಿನ್ನ! ಬಾ ಇಲ್ಲಿ" ಎಂದು ಬೈದರು. ಮತ್ತೆ ಹಿಡಿದರು. ಅದನ್ನು ಎತ್ತಿಕೊಂಡು ಡಬ್ಬಿಯವರೆಗೆ ಒಯ್ಯುವಾಗ ಅವರ ಇಡೀ ಮೈ ಆ ಎರಡು ಬೆರಳುಗಳ ಹಿಂದೆ ಹೋಗುತ್ತಿತ್ತು. ಮನೆ ಸಿಗಲಿಲ್ಲ. ಪಕ್ಕದ ಮನೆಗೆ ತುರುಕಿದರು. ಒತ್ತುವ ಬಲವಿಲ್ಲದೆ ಅರ್ಧಕ್ಕೇ ನಿಂತಿತು. ಅವರಿಗೆ ಅಷ್ಟೇ ಸಾಕಾಗಿತ್ತು. ಇನ್ನೊಂದಕ್ಕೆ ಕೈ ಹಾಕಿದರು. ಬೆವರು ಮೂಗಿನ ತುದಿಯಿಂದ ತಟ್ಟೆಗೆ ಬೀಳುತ್ತಿತ್ತು.

ನನಗೆ ಸಿಟ್ಟು ಬಂತು. ಮೂರು ತಾಲ್ಲೂಕು ಅಲೆದದ್ದು, ಚಿಕ್ಕಮ್ಮನನ್ನು ಅಳಿಸಿದ್ದು, ಎಲ್ಲ ನೆನಪಾಯಿತು. ಅದರ ಹಿಂದೆಯೇ ಅಳು ಬಂತು, ಸಿಟ್ಟಿಗಿಂತ ಜೋರಾಗಿ. ಹಾಸನದ ಆ ಟೇಬಲ್ಲಿನ ಮುಂದೆ ಮಡಿಲಿನಿಂದ ಏಳದ ಕೈ ಇದೇ. ಗೋಲಿ ಎತ್ತಲಾರೆನೆಂದು ಹತ್ತು ಜನರ ಎದುರು ತೋರಿಸಿಕೊಳ್ಳುವುದಕ್ಕಿಂತ, ಇಲ್ಲಿ ಯಾರೂ ಇಲ್ಲದಾಗ ಕಾರನ್ನು ಹಾಳು ಮಾಡಿ ಕಲಿಯುವುದೇ ಅವರಿಗೆ ಸರಿಕಂಡಿತ್ತು.

ಕಣ್ಣೊರೆಸಿಕೊಂಡು, ಗೇಟಿನವರೆಗೆ ಹಿಂದೆ ಹೋಗಿ, ಜೋರಾಗಿ ಕೆಮ್ಮುತ್ತಾ ಮತ್ತೆ ಬಂದೆ. ನಾನು ಶೆಡ್ಡಿಗೆ ಬರುವಷ್ಟರಲ್ಲಿ ಮುಚ್ಚಳ ಹಾಕಿತ್ತು, ತಟ್ಟೆ ಸೀಟಿನ ಕೆಳಗೆ ಹೋಗಿತ್ತು, ಬಲಗೈ ಮಡಿಲಲ್ಲಿ ಮಲಗಿತ್ತು.

"ಬಿಸ್ಲಿಗೆ ವಸಿ ಕೂತಿದ್ದೆ ಕಣಮ್ಮಿ" ಎಂದರು. ಶೆಡ್ಡಿನಲ್ಲಿ ಬಿಸಿಲಿರಲಿಲ್ಲ.

ಡಿಕ್ಕಿ ತೆಗೆದು, ಒಳಗೆ ಬಗ್ಗಿ, ಕಂಪ್ರೆಸರಿನ ಪಕ್ಕದ ರಿಲೇಯನ್ನು ಹಿಡಿದು ಎಳೆಯುವಂತೆ ನಟಿಸಿದೆ. ಅದು ಬೆಂಕಿಪೊಟ್ಟಣದಷ್ಟು ದೊಡ್ಡದು, ಫ್ಯೂಸಿಗಿಂತ ಹಿಡಿತಕ್ಕೆ ಸುಲಭ, ಆದರೆ ಬಿಗಿ. ಆಮೇಲೆ ಕಾರಿಗೆ ಹೇಳಿದೆ: "ಈ ರಿಲೇ ನನ್ನ ಕೈಲಿ ಬರ್ತಾ ಇಲ್ಲ. ಯಾರಾದ್ರೂ ತೆಗೆದುಕೊಟ್ಟರೆ ಒಳ್ಳೇದಿತ್ತು."

ಮುಂದಿನ ಸೀಟು ಕಿರುಗುಟ್ಟಿತು. ಆಮೇಲೆ ಕೋಲಿನ ಸದ್ದು ಹಿಂದಕ್ಕೆ ಬಂತು. ಚಿಕ್ಕಪ್ಪ ಪಕ್ಕದಲ್ಲಿ ನಿಂತು ಡಿಕ್ಕಿಯೊಳಗೆ ನೋಡಿದರು.

"ಅದ್ಕೆ ವಸಿ ಬಲ ಬೇಕು" ಎಂದರು, ಗಾಳಿಗೆ. ಕೋಲನ್ನು ನನ್ನ ಕೈಗೆ ಕೊಟ್ಟರು. ಎಡಗೈಯಲ್ಲಿ ಡಿಕ್ಕಿಯ ಅಂಚು ಹಿಡಿದುಕೊಂಡು, ಬಲಗೈಯನ್ನು ಒಳಗೆ ಚಾಚಿದರು.

ನಾನು ತೆಂಗಿನ ಮರದ ತುದಿ ನೋಡತೊಡಗಿದೆ. ಅವರು ಅದನ್ನು ಅಲ್ಲಾಡಿಸಿದರು, ಬೈದರು, ನಿಂತು ಸುಧಾರಿಸಿಕೊಂಡರು. ಕಡೆಗೆ ರಿಲೇ ಹೊರಗೆ ಬಂತು. ಅದರ ಕಾಲುಗಳನ್ನು ನಾನು ಒರೆಸಿಕೊಟ್ಟೆ, ಅವರೇ ಮತ್ತೆ ಕೂರಿಸಿದರು. ಅಷ್ಟರಲ್ಲಿ ನಾನು ಫ್ಯೂಸುಗಳನ್ನೆಲ್ಲ ಅವುಗಳ ಮನೆಗೆ ಸೇರಿಸಿ ಕೀ ತಿರುಗಿಸಿದೆ. ಡಿಕ್ಕಿ ಗುರ್ರೆಂದಿತು. ಕಾರು ಮೇಲೇಳುವುದನ್ನು ಇಬ್ಬರೂ ನೋಡುತ್ತಾ ನಿಂತೆವು.

"ಆ ಆಸನದ್ ಆಸ್ಪತ್ರೆ ಮಗೀಗೆ ಏಳು, ಗೋಲಿ ಎತ್ತಿಟ್ಟು ಟೇಬಲ್ ಮ್ಯಾಲೆ ಫ್ಯೂಸ್ ಇಕ್ಕು ಅಂತ" ಎಂದರು.

ಮಾರನೆಯ ದಿನವೇ ಹಾಸನಕ್ಕೆ ಹೊರಟೆವು. ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ, ಚಿಕ್ಕಪ್ಪ ನನ್ನ ಎಡಕ್ಕೆ. ಕರೀ ದಾರದ ತುದಿಯೊಂದು ಚಿಕ್ಕಪ್ಪನ ಅಂಗಿಯ ಬಲತೋಳಿನೊಳಗಿಂದ ಇಣುಕುತ್ತಿತ್ತು. ಊರು ದಾಟಿದ ಮೇಲೆ ಮುಂದೆ ಭತ್ತದ ಟ್ರ್ಯಾಕ್ಟರೊಂದು ಅಡ್ಡ ಬಂತು. ನಾನು ಅವರ ಕೈಯನ್ನೇ ನೋಡುತ್ತಿದ್ದವಳು ಕ್ಲಚ್ಚನ್ನು ಪೂರ್ತಿ ಒತ್ತದೆ ಗೇರು ಎಳೆದೆ. ಕಿರ್ರೆಂದಿತು.

ನನ್ನ ಎಡಗೈ ಮೇಲೆ ಒಂದು ಏಟು ಬಿತ್ತು. ಮೊದಲಿನಷ್ಟು ನೇರವಾಗಿ ಬೀಳಲಿಲ್ಲ, ಅರ್ಧ ಗೇರಿನ ಮೇಲೂ ಬಿತ್ತು. ಆದರೆ ಉರಿಯಿತು, ಹಾಸನ ಮುಟ್ಟುವವರೆಗೂ ಉರಿಯಿತು.